ಅಕ್ಕನನ್ನು ಆರಿಸಿದ ಬಗೆ

ಕೋತಗಿರಿಯ ಒಂದು ಶಾಲೆಯಲ್ಲಿ ನಾನು ಬಹಳ ವರ್ಷ ಇಂಗ್ಲಿಷ್ ಕಲಿಸಿದೆ. ಪಾಠದ ಕೊನೆಗೆ ಹೊಸ ಪದಗಳು ಬರುತ್ತವಲ್ಲ, ಅವುಗಳ ಅರ್ಥ ಹೇಳಿ, ಒಂದೊಂದು ವಾಕ್ಯ ಮಾಡಿ ತೋರಿಸುವುದು ನನ್ನ ಕೆಲಸ. ಎಷ್ಟೋ ಪದಗಳನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ‘ಎಲೆಕ್ಟ್’ ಎಂಬ ಪದ ಬಂದ ದಿನ ಮಾತ್ರ ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುತ್ತಿದ್ದೆ. ಪಾಪ, ಅವರಿಗೇನು ಗೊತ್ತು.

ವೋಟು ಹಾಕಿ ಒಬ್ಬರನ್ನು ಆರಿಸುವುದು, ಇದು ಮೊದಲ ಅರ್ಥ. ಯಾರ ಒತ್ತಾಯವೂ ಇಲ್ಲದೆ ತಾನೇ ಮನಸ್ಸು ಮಾಡಿ ಎರಡರಲ್ಲಿ ಒಂದನ್ನು ಹಿಡಿಯುವುದಕ್ಕೂ ಅದೇ ಪದ. ಆಯ್ಕೆಯಾಗಿಯೂ ಇನ್ನೂ ಕುರ್ಚಿ ಏರದವರ ಪದವಿಯ ಹಿಂದೆ ಅದನ್ನು ಅಂಟಿಸುತ್ತಾರೆ, ಪ್ರೆಸಿಡೆಂಟ್ ಎಲೆಕ್ಟ್ ಅಂತ. ಇನ್ನೊಂದು ಅರ್ಥವನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು: ದೇವರು ತನಗೆ ಬೇಕೆಂದು ಮೊದಲೇ ಆರಿಸಿ ಇಟ್ಟುಕೊಂಡವರು. “ಆರಿಸುವಾಗ ದೇವರು ಅವರನ್ನು ಕೇಳಿದ್ದನಾ ಸಿಸ್ಟರ್?” ಎಂದೆ. ಆ ಪೀರಿಯಡ್ ಮುಗಿಯುವವರೆಗೆ ಬೆಂಚಿನ ಮೇಲೆ ನಿಂತಿದ್ದೆ. ನನ್ನ ನಾಲಿಗೆ ಆಗಲೂ ಉದ್ದ, ಈಗಲೂ ಉದ್ದ.

ನನ್ನ ಅಕ್ಕ ಹಾಗಲ್ಲ. ಅವಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಮೈಸೂರಿಗೆ ಹೋಗಿ ಡಿಗ್ರಿ ಮಾಡಿದೆ, ಅಲ್ಲಿಯೇ ಕನ್ನಡ ಅಕ್ಷರವನ್ನೂ ಕಲಿತೆ. ಅವಳು ನಮ್ಮಪ್ಪನ ಟೀ ತೋಟದಿಂದ ಎದ್ದು ಕೂಕಲ್ತೊರೈ ಕಡೆಯ ಒಂದು ಹಟ್ಟಿಗೆ ಸೊಸೆಯಾಗಿ ಹೋಗಿ ಗಂಡನ ತೋಟಕ್ಕೆ ಇಳಿದಳು. ಇಲ್ಲಿ ಬಿಡಿಸಿದ ಎಲೆ ಅಲ್ಲಿ ಬಿಡಿಸಿದಳು, ಅಷ್ಟೇ ವ್ಯತ್ಯಾಸ. ನಾವು ಆಡುವುದು ಬಡಗ ಮಾತು. ಅದನ್ನು ಆಡುವ ಹಾಗೇ ಬರೆದರೆ ನಿಮಗೆ ಅರ್ಧ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಉಳಿಸಿ ಸ್ವಲ್ಪ ತಿದ್ದಿ ಬರೆಯುತ್ತೇನೆ.

ಅಕ್ಕನ ಹಟ್ಟಿಯಲ್ಲಿ ಮನೆಗಳೆಲ್ಲ ಒಂದೇ ಸಾಲಿನಲ್ಲಿವೆ. ಒಂದು ಮನೆಯ ಗೋಡೆಯೇ ಪಕ್ಕದ ಮನೆಯದೂ. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆಯವರು ಬಿಸಿನೀರು ಕಾಯಿಸುವಷ್ಟು ಹತ್ತಿರ. ಮನೆಯಲ್ಲಿ ಅಕ್ಕ, ಬಾವ ಮತ್ತು ಅಕ್ಕನ ಅತ್ತೆ, ಮೂರೇ ಜನ. ಅತ್ತೆಯನ್ನು ನಾವು ಮಾಮಿ ಅನ್ನುತ್ತೇವೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ಬಾವ ಒಳ್ಳೆಯವನು, ಆದರೆ ಯಾರು ಏನೇ ಹೇಳಿದರೂ ಹೂಂಗುಟ್ಟುವ ಸ್ವಭಾವ. ಹಟ್ಟಿಯ ಹಿರಿಯ ಗೌಡ ಅವನಿಗೆ ದೊಡ್ಡಪ್ಪನಾಗಬೇಕು. ದೊಡ್ಡಪ್ಪ ಹೇಳಿದ್ದಕ್ಕೆ ಬಾವ ಇಲ್ಲ ಎಂದದ್ದನ್ನು ನಾನಂತೂ ಕೇಳಿಲ್ಲ.

ಮಾಮಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಎಲ್ಲ ನಿಂತದ್ದು ಅವಳ ಮೇಲೆ. ಆ ಮುದುಕಿಗೆ ಸಾವಿನ ಮನೆಗೆ ಹೋಗುವುದೆಂದರೆ ಬೇರೆಯವರಿಗೆ ಮದುವೆಗೆ ಹೋದಷ್ಟು ಸಂಭ್ರಮ. ನಮ್ಮಲ್ಲಿ ಸಾವು ಒಂದು ಮನೆಯದಲ್ಲ. ಸುದ್ದಿ ಹೋದ ಹಟ್ಟಿಗಳಿಂದೆಲ್ಲ ಜನ ಬರಬೇಕು. ಹೆಣವನ್ನು ಕಟ್ಟಿಲಿನ ಮೇಲೆ, ಅಂದರೆ ಮಂಚದ ಮೇಲೆ, ಬಯಲಿಗೆ ತಂದು ಮಲಗಿಸುತ್ತಾರೆ. ಹೆಂಗಸರು ಸುತ್ತ ಕೂತು ಕಟ್ಟಿಲಿನ ಚೌಕಟ್ಟಿಗೆ ಹಣೆ ಇಟ್ಟು ಅಳುತ್ತಾರೆ, ಗಂಡಸರು ವಾದ್ಯಕ್ಕೆ ಹೆಜ್ಜೆ ಹಾಕುತ್ತ ಸುತ್ತು ಬರುತ್ತಾರೆ. ಕೊನೆಗೆ ಹಿರಿಯನೊಬ್ಬ ನಿಂತು ಸತ್ತವರು ಮಾಡಿದ, ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಪ್ರತಿಯೊಂದಕ್ಕೂ ನೆರೆದ ಜನ ಒಂದೇ ದನಿಯಲ್ಲಿ ‘ಪಾಪ’ ಎನ್ನಬೇಕು. ಅಷ್ಟು ಬಾಯಿಗಳು ಹೇಳಿದ ಮೇಲೆ ಆ ಪಾಪ ಸತ್ತವರನ್ನು ಬಿಟ್ಟು ಹೋಗುತ್ತದೆ, ದಾರಿ ಸಲೀಸಾಗುತ್ತದೆ ಎಂಬುದು ನಮ್ಮವರ ನಂಬಿಕೆ. ಬಾಯಿಗಳಿಲ್ಲದಿದ್ದರೆ ಪಾಪ ಹೆಣದ ಜೊತೆಗೇ ಮಣ್ಣಿಗೆ ಹೋಗುತ್ತದೆ. ಮಾಮಿ ಇದನ್ನು ನಂಬಿದ್ದಳು, ನಾನು ಇಂಗ್ಲಿಷ್ ವ್ಯಾಕರಣ ನಂಬುವಷ್ಟೇ ಗಟ್ಟಿಯಾಗಿ.

“ಎನ್ನ ಸಾವಿಗೆ ಬಯಲು ತುಂಬೋಕು,” ಎನ್ನುತ್ತಿದ್ದಳು. “ಎಷ್ಟು ಹಟ್ಟಿಗೆ ಹೋಗಿ ಅತ್ತಿದ್ದೆ ನಾ. ಅವರೆಲ್ಲ ತಿರುಗಿ ಬಾರದೆ ಇದ್ದಾರಾ?”

ತನ್ನ ಪೆಟ್ಟಿಗೆಯಲ್ಲಿ ಒಂದು ಹೊಸ ಬಿಳಿ ಮುಂಡು, ತಲೆಗೆ ಕಟ್ಟುವ ಪಟ್ಟು, ಸಾಯುವಾಗ ಬಾಯಿಗೆ ಹಾಕುವ ಚಿಕ್ಕ ಚಿನ್ನದ ಹಣ, ಎಲ್ಲವನ್ನೂ ಮಡಿಸಿ ಇಟ್ಟಿದ್ದಳು. ನಾನು ಹೋದಾಗಲೆಲ್ಲ ತೆಗೆದು ತೋರಿಸುವಳು. “ಮಾಮಿ, ಇಷ್ಟು ಆಸೆಯಿಂದ ಸಾಯೋದಕ್ಕೆ ಕಾಯೋರನ್ನ ನಾ ಎಲ್ಲೂ ಕಂಡಿಲ್ಲೆ,” ಎಂದು ಛೇಡಿಸಿದರೆ ಬೊಚ್ಚುಬಾಯಿ ಬಿಟ್ಟು ನಗುವಳು.

ತೊಂಬತ್ತರ ದಶಕದಲ್ಲಿ ಪಂಚಾಯಿತಿ ಎಲೆಕ್ಷನ್ ಬಂತು. ಪ್ರೆಸಿಡೆಂಟ್ ಜಾಗ ಹೆಂಗಸಿಗೆ ಮೀಸಲು ಎಂದು ಗೊತ್ತಾದಾಗ ಹಟ್ಟಿಯ ಗಂಡಸರಿಗೆ ತಲೆ ಕೆಟ್ಟುಹೋಯಿತು. ನಮ್ಮ ಹಟ್ಟಿಗಳಲ್ಲಿ ವೋಟಿಗೆ ನಿಲ್ಲುವುದು ಎಂದರೆ ಅಣ್ಣತಮ್ಮಂದಿರು ಬೀದಿಯಲ್ಲಿ ಹೊಡೆದಾಡಿದಷ್ಟು ಅವಮಾನ. ಅದಕ್ಕೆ ಹಿರಿಯರೆಲ್ಲ ಸುತ್ತುಕಲ್ಲಿನ ಮೇಲೆ ಕೂತು ಕೂಟ ಸೇರುತ್ತಾರೆ. ಸುತ್ತುಕಲ್ಲು ಎಂದರೆ ಊರ ಮುಂದೆ ಕಲ್ಲು ಹಾಸಿ ಕಟ್ಟಿದ ಕಟ್ಟೆ. ಅಲ್ಲಿ ಹೆಂಗಸರು ಕೂರುವ ಹಾಗಿಲ್ಲ. ಕೂಟದಲ್ಲಿ ಒಂದು ಹೆಸರು ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರು ಅರ್ಜಿ ಹಾಕುವುದಿಲ್ಲ. ಸುತ್ತಲ ಹಟ್ಟಿಗಳೂ ಮಾತಾಡಿಕೊಂಡು, ಈ ಸಲ ಅಕ್ಕನ ಹಟ್ಟಿಯ ಸರದಿ ಎಂದು ಬಿಟ್ಟುಕೊಟ್ಟಿದ್ದವು. ತೋಟಗಳ ಕೆಳಗೆ ಕಾಲನಿಯಲ್ಲಿ ಎಲೆ ಬಿಡಿಸುವ ಕೂಲಿಯವರಿದ್ದರು, ತಮಿಳಿನವರು. ಅವರನ್ನು ಯಾರೂ ಕೇಳಲಿಲ್ಲ.

ಅಕ್ಕನನ್ನೂ ಯಾರೂ ಕೇಳಲಿಲ್ಲ. ಅವಳು ಅವರೆಕಾಳು ಸುಲಿಯುತ್ತ ಕೂತಿದ್ದಳಂತೆ. ಕೂಟ ಮುಗಿಸಿ ಗೌಡನೂ ಇನ್ನಷ್ಟು ಜನರೂ ಮನೆಗೆ ಬಂದರು. ಬಂದವರಿಗೆ ಕಾಪಿ ಕೊಟ್ಟಳು. ಕಾಪಿ ಕುಡಿದು ಲೋಟ ಕೆಳಗಿಟ್ಟು ಗೌಡ ಬಾವನಿಗೆ ಹೇಳಿದನು: “ನಿನ್ನ ಹೆಮ್ಮಾತಿಯ ಹೆಸರು ಹೇಳಿದ್ದೆವು. ನಾಳೆ ಆಪೀಸಿಗೆ ಕರೆದುಕೊಂಡು ಬಾ, ಸಹಿ ಹಾಕೋಕು.” ಹೆಮ್ಮಾತಿ ಅಲ್ಲೇ ನಿಂತಿದ್ದಳು, ಕೈಯಲ್ಲಿ ತಟ್ಟೆ ಹಿಡಿದು. ಯಾಕೆ ಅವಳೇ ಎಂದರೆ, ಮಾತಾಡುವವಳಲ್ಲ, ಗಂಡ ಅಡ್ಡ ಬರುವವನಲ್ಲ, ನಾಳೆ ನನಗೂ ಬೇಕು ಎನ್ನುವ ಮಕ್ಕಳಿಲ್ಲ. ಹಸು ಕೊಳ್ಳುವಾಗ ನೋಡುವ ಹಾಗೆ ಎಲ್ಲ ನೋಡಿಯೇ ಆರಿಸಿದ್ದರು.

ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿದೆ.

“ಆಗುವದಿಲ್ಲ ಅಂದಿದ್ದರೆ ಏನಾಗುತ್ತಿತ್ತು ಅಕ್ಕ?”

“ಕೇಳಿದರೆ ತಾನೆ ಅನ್ನೋದು, ತಂಗೆ? ಎನ್ನ ಯಾರು ಕೇಳಿದ್ದು?”

ಬೇರೆ ಯಾರೂ ನಿಲ್ಲದ್ದರಿಂದ ವೋಟೇ ನಡೆಯಲಿಲ್ಲ. ಅವಿರೋಧವಾಗಿ ಆಯ್ಕೆಯಾಗಿದ್ದಾರೆ ಎಂದು ಆಫೀಸಿನಲ್ಲಿ ಓದಿ ಹೇಳಿದರು. ಕೆಲವು ದಿನ ಅಕ್ಕ ನಮ್ಮ ಪಠ್ಯಪುಸ್ತಕದ ಪ್ರೆಸಿಡೆಂಟ್ ಎಲೆಕ್ಟ್ ಆಗಿದ್ದಳು. ಆ ದಿನಗಳಲ್ಲೂ ಎಂದಿನಂತೆ ಬೆಳಿಗ್ಗೆ ಎದ್ದು ಹಿಟ್ಟು ಮಾಡಿ, ಹೆಗಲಿಗೆ ಚೀಲ ಹಾಕಿ ಎಲೆಗೆ ಹೋದಳು. ಹೆಚ್ಚು ಖುಷಿಪಟ್ಟವಳು ಮಾಮಿ. ಸೊಸೆ ಪ್ರೆಸಿಡೆಂಟ್ ಎಂದಮೇಲೆ ತನ್ನ ಸಾವಿಗೆ ಜೀಪುಗಳೂ ಬರುತ್ತವೆ ಎಂದು ಲೆಕ್ಕ ಹಾಕಿದ್ದಳು.

ಕುರ್ಚಿ ಅಕ್ಕನದು, ಕೆಲಸ ಗೌಡನದು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಕಾಗದ ತಂದು ಬೆರಳಿಟ್ಟು ತೋರಿಸುವನು, ಇವಳು ಅಲ್ಲಿ ಸಹಿ ಹಾಕುವಳು. ಮೊದಲ ವರ್ಷವೆಲ್ಲ ಹೀಗೇ ಹೋಯಿತು. ಆಮೇಲೆ ನೀರಿನ ಕೆಲಸ ಬಂತು.

ಹಟ್ಟಿಯ ಮೇಲೆ, ದೇವರ ಮನೆಯ, ಅಂದರೆ ಊರ ಗುಡಿಯ, ಹಿಂದಿನ ಸೋಲೆಕಾಡಿನಲ್ಲಿ ಒಂದು ಊಟೆಯಿದೆ. ಕಡು ಬೇಸಿಗೆಯಲ್ಲೂ ಬತ್ತದ ನೀರು. ಅಲ್ಲಿಗೆ ಚಪ್ಪಲಿ ಹಾಕಿ ಹೋಗುವ ಹಾಗಿಲ್ಲ. ಅದರಿಂದ ಪೈಪು ಎಳೆದು ಹಟ್ಟಿಯಲ್ಲಿ ತೊಟ್ಟಿ ಕಟ್ಟಲು ಸರ್ಕಾರ ಒಪ್ಪಿತು. ಆದರೆ ಕಾಗದದಲ್ಲಿ ಕಾಲನಿಯ ಹೆಸರೂ ಇತ್ತು. ದೇವರ ನೀರು ಹಟ್ಟಿ ದಾಟಿ ಕೆಳಗೆ ಹೋಗಬಾರದು, ಕಾಲನಿಯ ಹೆಸರು ತೆಗೆಸು ಎಂದು ಗೌಡ ಅಕ್ಕನಿಗೆ ಹೇಳಿ ಕಳಿಸಿದ. ಆ ದಿನ ಜಾಗ ನೋಡಲು ಇಂಜಿನಿಯರ್ ಬಂದಿದ್ದ. ಪ್ರೆಸಿಡೆಂಟ್ ಜೊತೆಗಿರಬೇಕು ಎಂದು ಅಕ್ಕನನ್ನೂ ಕಾಲನಿಗೆ ಕರೆದುಕೊಂಡು ಹೋದ. ಅಷ್ಟು ವರ್ಷ ಅದೇ ಹೆಂಗಸರ ಜೊತೆ ಎಲೆ ಬಿಡಿಸಿದವಳು, ಅವರ ಮನೆಯ ಹತ್ತಿರ ಹೋಗಿದ್ದು ಅದೇ ಮೊದಲು. ಜೌಗಿನಲ್ಲಿ ಒಂದು ಗುಂಡಿ ತೋಡಿದ್ದರು. ಹೆಂಗಸರು ತೆಂಗಿನ ಚಿಪ್ಪಿನಲ್ಲಿ ಮೊಗೆದು, ಸೀರೆಯ ಸೆರಗಿನಲ್ಲಿ ಸೋಸಿ ಕೊಡಕ್ಕೆ ತುಂಬುತ್ತಿದ್ದರು. ತೋಟಕ್ಕೆ ಹೊಡೆದ ಮದ್ದೆಲ್ಲ ಮಳೆಯಲ್ಲಿ ಹರಿದು ನಿಲ್ಲುವುದು ಆ ಜೌಗಿನಲ್ಲೇ.

ಅಕ್ಕ ಮೇಲೆ ಬಂದು ಇಂಜಿನಿಯರ್ ಕೊಟ್ಟ ಕಾಗದಕ್ಕೆ, ಒಂದು ಹೆಸರನ್ನೂ ತೆಗೆಸದೆ, ಸಹಿ ಹಾಕಿದಳು. ಯಾರೂ ಬೆರಳಿಟ್ಟು ತೋರಿಸದೆ ಅವಳು ಹಾಕಿದ ಮೊದಲ ಸಹಿ ಅದು. ಮಳೆಗಾಲಕ್ಕೆ ಮುಂಚೆ ಕಾಲನಿಯಲ್ಲಿ ನಲ್ಲಿ ಬಂತು.

ಕೂಟ ಸೇರಿತು. ನಾವೇ ಏರಿಸಿದೆವು, ಇನ್ನು ಇಳಿ, ಎಂದು ಹೇಳಿ ಕಳಿಸಿತು. ನಗಬೇಕೋ ಅಳಬೇಕೋ ಎನ್ನುವಂಥ ಸಂಗತಿ ಇದು. ಕೂಟ ಕೂರಿಸಿದವರನ್ನು ಕೂಟವೇ ಎಬ್ಬಿಸಬಹುದು ಎಂದು ಅವರು ಮನಸಾರೆ ನಂಬಿದ್ದರು. ಪೂಜಾರಿಯನ್ನು ಹಾಗೇ ಬದಲಾಯಿಸಿದ್ದರು, ಜಗಳ ಬಿಡಿಸುವವರನ್ನು ಹಾಗೇ ಬದಲಾಯಿಸಿದ್ದರು. ಗೌಡ ದೊಡ್ಡ ಆಫೀಸಿಗೆ ಹೋಗಿ, “ಆ ಹೆಂಗಸು ಇನ್ನು ಬೇಡ, ಬೇರೆ ಹೆಸರು ಬರೆದುಕೊಳ್ಳಿ,” ಎಂದನಂತೆ. ಆರಿಸುವುದು ನಿಮ್ಮ ಕೈಯಲ್ಲಿತ್ತು, ತೆಗೆಯುವುದು ಇಲ್ಲ. ಅವರಾಗಿ ರಾಜೀನಾಮೆ ಬರೆದುಕೊಟ್ಟರೆ ಮಾತ್ರ ಆಗುತ್ತದೆ, ಎಂದು ಅಲ್ಲಿಯವರು ವಾಪಸು ಕಳಿಸಿದರು. ಅಷ್ಟು ಜನರೆದುರು ಗೌಡನ ಮುಖ ಸಣ್ಣದಾಯಿತು. ಅದರ ಸಿಟ್ಟೆಲ್ಲ ಅಕ್ಕನ ಮೇಲೆ ತಿರುಗಿತು.

“ಬರೆದುಕೊಡು,” ಎಂದ ಬಾವ.

“ನಾ ಏರಲೇ ಇಲ್ಲೆ. ಇಳಿವದು ಹೇಗ?” ಎಂದಳು ಅಕ್ಕ. ಹನ್ನೆರಡು ಮಾತಿನ ಜಾಗದಲ್ಲಿ ಒಂದು ಆಡುವವಳು, ಅದನ್ನು ಅಡುಗೆ ಮನೆಯಿಂದ ಹೊರಗೆ ಬಂದು ಹೇಳಿದಳಂತೆ.

ಮನೆಯನ್ನು ಹಟ್ಟಿಯಿಂದ ಹೊರಗಿಟ್ಟರು. ಅವರ ಮನೆಗೆ ಯಾರೂ ಹೋಗಬಾರದು, ಬಂದರೆ ಮಾತಾಡಿಸಬಾರದು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕರೆಯಬಾರದು. ಕೇಳುವುದಕ್ಕೆ ಇಷ್ಟೇ. ಒಂದೇ ಗೋಡೆಯ ಎರಡು ಬದಿ ಬದುಕುವವರಿಗೆ ಅದು ಏನೆಂದು ನಾನು ಅಲ್ಲಿ ಉಳಿದ ದಿನಗಳಲ್ಲಿ ಕಂಡೆ. ಗೋಡೆಯಾಚೆ ಪಾತ್ರೆ ಇಡುವ ಸದ್ದು, ಮಗುವಿಗೆ ಗದರುವ ಸದ್ದು ಎಲ್ಲ ಕೇಳಿಸುವುದು. ಈ ಕಡೆಯಿಂದ ಮಾಮಿ ಅಭ್ಯಾಸಬಲದಿಂದ, “ಏ ಕೂಸೇ, ಮಗು ಏಕ ಅಳುತ್ತಿದೆ?” ಎಂದು ಕೂಗಿದರೆ ಆ ಕಡೆ ಥಟ್ಟನೆ ಎಲ್ಲ ಸದ್ದೂ ನಿಂತುಹೋಗುವುದು. ಮಾಮಿ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುವಳು. ನನಗೆ ಆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗೆ ಆಗುತ್ತಿತ್ತು.

ಒಂದು ಭಾನುವಾರ ಎದುರು ಗುಡ್ಡದ ಹಟ್ಟಿಯಿಂದ ಸಾವಿನ ವಾದ್ಯ ಕೇಳಿತು. ಸತ್ತವಳು ಮಾಮಿಯ ಚಿಕ್ಕಂದಿನ ಗೆಳತಿ. ಸುದ್ದಿ ಹೇಳುವವನು ಸಾಲಿನ ಎಲ್ಲ ಮನೆಗಳಿಗೂ ಹೇಳಿ ಈ ಬಾಗಿಲು ದಾಟಿ ಹೋಗಿದ್ದ. ಮಾಮಿ ಬಿಳಿ ಪಟ್ಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಳು. ಹೋಗುವ ಹಾಗಿಲ್ಲ. ಅಲ್ಲಿ ಹೋಗಿ ಕಟ್ಟಿಲಿಗೆ ಹಣೆ ಇಟ್ಟರೆ ಪಕ್ಕದವರು ಎದ್ದು ಹೋಗುತ್ತಾರೆ, ಸತ್ತವಳಿಗೆ ಕೇಡು. ವಾದ್ಯ ಮುಗಿಯುವವರೆಗೂ ಕೂತಿದ್ದು, ಒಳಗೆ ಬಂದು ಪಟ್ಟು ಬಿಚ್ಚಿ ಮಡಿಸಿದಳು.

“ಎನ್ನ ಸಾವಿಗೆ ಬಂದಾರಾ?” ಎಂದು ಅಕ್ಕನನ್ನು ಕೇಳಿದಳು.

ಅಕ್ಕ ಒಲೆಗೆ ಸೌದೆ ತುರುಕುತ್ತಿದ್ದಳು. ಇನ್ನೊಂದು ಸೌದೆ ಒಳಗೆ ತಳ್ಳಿದಳು.

ಅಂದಿನಿಂದ ಮುದುಕಿ ಆ ಪೆಟ್ಟಿಗೆ ತೆರೆದು ತೋರಿಸುವುದನ್ನು ಬಿಟ್ಟಳು. ಊಟ ಕಡಿಮೆಯಾಯಿತು. ಕುರ್ಚಿ ಬಿಡು ಎಂದು ಸೊಸೆಗೆ ಒಂದು ದಿನವೂ ಹೇಳಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬೈದಿದ್ದರೂ ಅಕ್ಕನಿಗೆ ಹಗುರವಾಗುತ್ತಿತ್ತು. ಆದರೆ ಮಾಮಿ ದಿನಕ್ಕೊಮ್ಮೆಯಾದರೂ ಆ ಒಂದೇ ಪ್ರಶ್ನೆ ಕೇಳುವಳು: ಬಂದಾರಾ? ಮಗ ಮುಖ ತಿರುಗಿಸುವನು. ಸೊಸೆ ಸೌದೆ ತುರುಕುವಳು.

ಕಾಲನಿಯ ನಲ್ಲಿಯಲ್ಲಿ ಅಷ್ಟು ಹೊತ್ತಿಗೆ ಎರಡು ಬೇಸಿಗೆ ನೀರು ಬಂದಿತ್ತು. ಮಕ್ಕಳಿಗೆ ಹೊಟ್ಟೆ ಕೆಡುವುದು ನಿಂತಿತು ಎಂದು ಅಲ್ಲಿಯ ಒಬ್ಬಳು ತೋಟದಲ್ಲಿ ಅಕ್ಕನಿಗೆ ಹೇಳಿದ್ದಳಂತೆ. ಆ ಮಾತನ್ನು ಹೇಳುವಾಗ ಮಾತ್ರ ಅಕ್ಕನ ಮುಖದಲ್ಲಿ ಸ್ವಲ್ಪ ಬೆಳಕು ಕಾಣುತ್ತಿತ್ತು. ಅದಕ್ಕೆ ನಾನೂ ಹುರಿದುಂಬಿಸುತ್ತಿದ್ದೆ. “ಬಿಡಬೇಡ ಅಕ್ಕ. ಅವಧಿ ಮುಗಿಯೋವರೆಗೆ ಕೂತಿರು. ಅವರು ಏನು ಕಿತ್ತುಕೊಳ್ಳುತ್ತಾರೋ ನೋಡೋಣ.” ಏನು ಕಿತ್ತುಕೊಳ್ಳುತ್ತಾರೆ ಎಂಬುದು ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿತ್ತು.

ಮಂಜು ಬೀಳುವ ಕಾಲದಲ್ಲಿ, ಒಂದು ಬೆಳಿಗ್ಗೆ, ಮಾಮಿ ಹೋದಳು. ಮುಂಚಿನ ದಿನ ಹೇಳಿ ಕಳಿಸಿದ್ದರಿಂದ ನಾನು ಅಲ್ಲಿದ್ದೆ. ಅಕ್ಕ ಆ ಚಿನ್ನದ ಹಣವನ್ನು ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಿದಳು. ನುಂಗುವ ಶಕ್ತಿಯಿರಲಿಲ್ಲ, ತುಪ್ಪ ತುಟಿಯ ಪಕ್ಕ ಇಳಿಯಿತು. ಕಣ್ಣು ಅಕ್ಕನ ಮೇಲಿತ್ತು. ಕೇಳುವ ಶಕ್ತಿ ಇರಲಿಲ್ಲ, ಆದರೂ ಏನು ಕೇಳುತ್ತಿದ್ದಾಳೆ ಎಂದು ಮೂವರಿಗೂ ಗೊತ್ತಿತ್ತು.

“ಬಂದಾರೆ ಮಾಮಿ,” ಎಂದಳು ಅಕ್ಕ. “ಎಲ್ಲರೂ ಬಂದಾರೆ.”

ಉಸಿರು ನಿಂತ ಮೇಲೆ ಅಕ್ಕ ಗಟ್ಟಿಯಾಗಿ ಅತ್ತಳು. ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಯಾರೂ ಬರಲಿಲ್ಲ. ಹೊಸ ಮುಂಡು ಉಡಿಸಿ, ಪಟ್ಟು ಕಟ್ಟಿ, ಕಟ್ಟಿಲಿನ ಮೇಲೆ ಮಲಗಿಸಿದೆವು. ಅದನ್ನು ಬಯಲಿಗೆ ಹೊರಲು ನಾಲ್ಕು ಹೆಗಲು ಬೇಕು. ಇದ್ದದ್ದು ಬಾವನದೊಂದು. ಮಧ್ಯಾಹ್ನದ ಹೊತ್ತಿಗೆ ಕಾಲನಿಯ ಕೆಲವು ಹೆಂಗಸರು ಗಂಡಸರು ಮೇಲೆ ಬಂದು ಸಾಲು ಮನೆಗಳ ತುದಿಯಲ್ಲಿ ನಿಂತರು. ಹತ್ತಿರ ಬರಬಹುದೋ ಬಾರದೋ ತಿಳಿಯದೆ ಅಲ್ಲೇ ನಿಂತಿದ್ದರು. ಅವರು ಹೊರಲು ಸಿದ್ಧವಿದ್ದರು. ಹೊರುವುದೇನೋ ಆಗುತ್ತಿತ್ತು. ಪಾಪ ಕಳೆಯುವ ಆ ಮಾತು ಹೇಳಲು, ಅದಕ್ಕೆ ದನಿಗೂಡಿಸಲು ನಮ್ಮವರೇ ಆಗಬೇಕು.

ಬಾವ ಸುತ್ತುಕಲ್ಲಿಗೆ ಹೋದ. ಹಿರಿಯರೆಲ್ಲ ಆಗಲೇ ಅಲ್ಲಿ ಕೂತಿದ್ದರು, ಅವನು ಬರುತ್ತಾನೆಂದು ಗೊತ್ತಿತ್ತಲ್ಲ. ತಿರುಗಿ ಬಂದವನು ಹೊಸ್ತಿಲ ಹೊರಗೇ ನಿಂತು ಹೇಳಿದ: “ನೀ ಬರೆದುಕೊಟ್ಟರೆ ಈಗಲೇ ಸುದ್ದಿ ಕಳಿಸುತ್ತಾರೆ. ಎಲ್ಲ ಹಟ್ಟಿಗೂ. ಇಲ್ಲೆ ಅಂದರೆ ಎಂಗಳೇ ಹೂಳಿಕೊಳ್ಳೋಕು. ನಿನ್ನ ಇಷ್ಟ, ಅಂದರು.”

ನನಗೆ ಸಿಟ್ಟು ತಡೆಯಲಾಗಲಿಲ್ಲ. ಹೆಣದ ಮುಂದೆ ಎಂಬುದನ್ನೂ ಮರೆತು ಕೂಗಾಡಿದೆ. ಇದು ಬೆದರಿಕೆ, ಪೊಲೀಸರಿಗೆ ಹೇಳುತ್ತೇನೆ, ಪೇಪರಿಗೆ ಬರೆಯುತ್ತೇನೆ ಎಂದೆಲ್ಲ ಅಂದೆ. “ಮಾಮಿ ಹೋಗಿಯಾಯಿತು ಅಕ್ಕ, ಅವಳಿಗೆ ಇನ್ನು ಯಾರು ಬಂದರೂ ತಿಳಿಯೋದಿಲ್ಲೆ. ಕೆಳಗೆ ಇರೋರು ಬದುಕಿದ್ದಾರೆ.”

ಅಕ್ಕ ಒಮ್ಮೆ ಸಾಲಿನ ತುದಿಯಲ್ಲಿ ನಿಂತವರನ್ನು ನೋಡಿದಳು. ಒಮ್ಮೆ ಕಟ್ಟಿಲಿನ ಕಡೆ ನೋಡಿದಳು. ಮಾಮಿಯ ತುಟಿಯ ಪಕ್ಕದ ತುಪ್ಪ ಚಳಿಗೆ ಹೆಪ್ಪುಗಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿದಳು.

“ಬಂದಾರೆ ಅಂದಿದ್ದೆ, ತಂಗೆ,” ಎಂದಳು.

ಕಾಗದವನ್ನು ಹಟ್ಟಿಯ ಒಬ್ಬ ರಿಟೈರ್ಡ್ ಗುಮಾಸ್ತ ಆಗಲೇ ತಮಿಳಿನಲ್ಲಿ ಬರೆದಿಟ್ಟಿದ್ದ. ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಷ್ಟದಿಂದ, ಎಂದು ಶುರುವಾಗುತ್ತಿತ್ತು. ಅಕ್ಕ ಕಟ್ಟಿಲಿನ ಪಕ್ಕ ಕೂತು, ಮಣೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದಳು. ಯಾರೂ ಬೆರಳಿಟ್ಟು ತೋರಿಸಲಿಲ್ಲ. ಅದು ಎರಡನೆಯದು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಗೋಡೆಯಾಚೆಯವಳೇ ಮೊದಲು ಓಡಿ ಬಂದು ಮಾಮಿಯ ಕಾಲು ಹಿಡಿದು ಅತ್ತಳು. ಸುಳ್ಳು ಅಳುವಲ್ಲ ಅದು, ಎರಡು ವರ್ಷದಿಂದ ಒಳಗೆ ಹಿಡಿದಿಟ್ಟ ಅಳು. ಅದೇ ನನಗೆ ಹೆಚ್ಚು ಕಷ್ಟವಾಯಿತು. ಕೆಟ್ಟವರೆಂದು ಬೈದುಬಿಡಲೂ ಆಗದ ಹಾಗೆ ಅವರೆಲ್ಲ ಅತ್ತರು. ಮರುದಿನ ಎಲ್ಲ ಹಟ್ಟಿಗಳಿಂದ ಜನ ಬಂದರು. ಬಯಲು ತುಂಬಿತು. ಜೀಪುಗಳೂ ಬಂದವು. ಹೆಂಗಸರ ಹಣೆಗೆ ಜಾಗ ಸಾಲದೆ ಎರಡು ಸುತ್ತು ಕೂತರು. ಮುದುಕಿ ಬಯಸಿದ್ದಕ್ಕಿಂತ ದೊಡ್ಡ ಸಾವು.

ಕೊನೆಗೆ ಪಾಪ ಹೇಳಲು ನಿಂತವನು ಗೌಡ. ಅವನ ದನಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಹರಿವ ಹುಳ ಕೊಂದದ್ದು, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿದ್ದು, ಅಕ್ಕಪಕ್ಕದವರ ಬೆಳೆ ಕಂಡು ಹೊಟ್ಟೆಕಿಚ್ಚುಪಟ್ಟದ್ದು, ಹೀಗೆ ಒಂದೊಂದೇ ಹೇಳುತ್ತ ಹೋದ. ಜನ ಪಾಪ, ಪಾಪ ಎನ್ನುತ್ತಿದ್ದರು. ನಾನು ಅಕ್ಕನ ಪಕ್ಕ ಕೂತಿದ್ದೆ. ಆಗ ಅವನು, ಬಾಯಾರಿ ನೀರು ಕೇಳಿ ಬಂದವರಿಗೆ ಇಲ್ಲ ಎಂದದ್ದು, ಎಂದ.

ನಾನು ಅವನ ಮುಖವನ್ನೇ ನೋಡಿದೆ. ಒಂದಿಷ್ಟಾದರೂ ತಡವರಿಸುತ್ತಾನೇನೋ ಎಂದು. ಇಲ್ಲ. ತಲೆಮಾರಿನಿಂದ ಬಂದ ಮಾತು ಅದು, ಬಾಯಿಗೆ ತಾನೇ ಬರುತ್ತದೆ, ಅದರ ಮೇಲೆ ನಿಂತು ಯಾರು ಯೋಚಿಸುತ್ತಾರೆ? ಇಡೀ ಬಯಲು ‘ಪಾಪ’ ಎಂದಿತು. ಅಕ್ಕನೂ ಅಂದಳು. ಅವಳ ದನಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು.

ಸೂತಕ ಕಳೆದ ಮೇಲೆ ಕಾಲನಿಗೆ ಹೋಗುವ ಪೈಪನ್ನು ದೇವರ ಮನೆಯ ಹತ್ತಿರ ಕತ್ತರಿಸಿ ಮರದ ಬಿರಡೆ ಹೊಡೆದರು. ಹೊಸ ಪ್ರೆಸಿಡೆಂಟ್ ಗೌಡನ ಸೊಸೆ. ಅವಳನ್ನೂ ಯಾರೂ ಕೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಪೇಪರಿಗೆ ಬರೆದೆ, ಅಚ್ಚಾಗಲಿಲ್ಲ. ಆಫೀಸಿಗೆ ಹೋದೆ, ಅವರಾಗಿಯೇ ಬರೆದುಕೊಟ್ಟಿದ್ದಾರಲ್ಲ ಮೇಡಂ ಎಂದರು.

ಅಕ್ಕ ಮತ್ತೆ ಎಲೆಗೆ ಹೋದಳು. ಮೊದಲ ದಿನ ಸಾಲಿನಲ್ಲಿ ಪಕ್ಕ ನಿಂತಿದ್ದ ಕಾಲನಿಯವಳು, “ಅಕ್ಕಾ, ತಣ್ಣಿ ವರಲೆ,” ಎಂದಳಂತೆ. ನೀರು ಬರುತ್ತಿಲ್ಲ ಅಂತ. ಬೈಯಲಿಲ್ಲ, ಕೇಳಿದ್ದಷ್ಟೇ. ನಲ್ಲಿ ಕೆಟ್ಟಿದೆ ಎಂದುಕೊಂಡಿದ್ದಳೋ ಏನೋ. ಅಕ್ಕ ಬಿಡಿಸುತ್ತಿದ್ದ ಎಲೆಯನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಆ ಸಾಲು ಬಿಟ್ಟು ಮೇಲಿನ ಸಾಲಿಗೆ ಹೋದಳು. ಅದಾದ ಮೇಲೆ ಆ ಹೆಂಗಸು ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಚಿಕ್ಕ ಮಗು ವಾಂತಿಭೇದಿಯಾಗಿ ಕೋತಗಿರಿ ಆಸ್ಪತ್ರೆ ಸೇರುವುದಕ್ಕೆ ಮುಂಚೆಯೇ ತೀರಿಕೊಂಡಿತು. ಗುಂಡಿಯ ನೀರಿನಿಂದಲೇ ಎಂದು ಯಾರೂ ಬರೆದುಕೊಡಲಿಲ್ಲ. ಯಾರೂ ಬರೆದುಕೊಡುವುದೂ ಬೇಕಿರಲಿಲ್ಲ.

ಕೆಲವು ವರ್ಷದ ಮೇಲೆ ಮತ್ತೆ ಎಲೆಕ್ಷನ್ ಹತ್ತಿರ ಬಂದಾಗ ಅಕ್ಕನ ಮನೆಗೆ ಹೋಗಿದ್ದೆ. ಇಬ್ಬರೂ ಅಂಗಳದ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆವು. ಸುತ್ತುಕಲ್ಲಿನ ಕಡೆ ಗಂಡಸರು ಸೇರುತ್ತಿದ್ದರು. ಅದನ್ನು ನೋಡಿ ನನಗೆ ಹಳೆಯದೆಲ್ಲ ಉಕ್ಕಿ ಬಂತು. ಅಕ್ಕನಿಗೆ ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು ಹೇಳಿದೆ: “ನೀ ಏನು ಮಾಡೋಕೆ ಆಗುತ್ತಿತ್ತು ಅಕ್ಕ? ನಿನ್ನ ಕೈಯಲ್ಲಿ ಏನಿತ್ತು? ಎಲ್ಲ ಅವರು ಮಾಡಿಸಿದ್ದು.”

ಅಕ್ಕ ಒಂದು ಕಲ್ಲು ಹೆಕ್ಕಿ ದೂರ ಎಸೆದಳು.

“ಎನ್ನ ಮದುವೆಗೆ ಎನ್ನ ಕೇಳಲಿಲ್ಲೆ. ಆ ಕುರ್ಚಿಗೂ ಕೇಳಲಿಲ್ಲೆ. ಅಂದು ಒಂದು ದಿನ ಕೇಳಿದರು. ಇದಾ, ಅದಾ, ನಿನ್ನ ಇಷ್ಟ ಅಂದರು. ನಾ ಮಾಮಿಯನ್ನು ನೋಡಿ ಹೇಳಿದೆ. ಅವರು ಮಾಡಿಸಿದ್ದು ಅನ್ನಬೇಡ, ತಂಗೆ. ಅದನ್ನೂ ಎನ್ನ ಕೈಯಿಂದ ತೆಗೆಯಬೇಡ.”

ನಾನು ಸುಮ್ಮನಾದೆ. ನನ್ನ ಜೀವನದಲ್ಲಿ ನಾನು ಸುಮ್ಮನಾದ ಸಂದರ್ಭಗಳು ಬಹಳ ಇಲ್ಲ.

ಅವಳೇ ಮಾತು ಮುಂದುವರಿಸಿದಳು, ಮೊರದ ಕಡೆಗೇ ನೋಡುತ್ತ.

“ನಾ ಸತ್ತಾಗ ನೀ ಇದ್ದರೆ, ಪಾಪ ಹೇಳೋರ ಹತ್ತಿರ ಒಂದು ಮಾತು ಹೇಳು. ಆ ನೀರಿನದ್ದು ಬರುತ್ತದಲ್ಲ, ಅಲ್ಲಿ ಜನರ ಬಾಯಿ ಬೇಡ. ಅದು ಹೋಗುವದು ಬೇಡ. ಎನ್ನ ಜೊತೆಗೇ ಮಣ್ಣಿಗೆ ಬರಲಿ.”

ಆಗಲಿ ಎಂದೆ. ಅವಳು ಅಕ್ಕಿಯನ್ನು ಒಮ್ಮೆ ಕೇರಿ, ಮೊರವನ್ನು ನನ್ನ ಕಡೆ ಸರಿಸಿದಳು.